ಕಸೂತಿ ಹಾಕುವ ಕೈಗೆ ತಲಾಂತಿಲ್ಲವೇ?

ಭಾನುವಾರದಿಂದ ಮನಸ್ಸು ಕುದಿಯುತ್ತಿದೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ಕ್ಲಾಸು ನೋಡಿಕೊಳ್ಳುವುದು ನಿಮಗೆಲ್ಲ ಗೊತ್ತೇ ಇದೆ. ಈ ಸಲ ಪಾಠಕ್ಕೆ ಹೊರಗಿನಿಂದ ಒಬ್ಬರನ್ನು ಕರೆಸಿದ್ದರು. ಬೈಬಲ್ಲಿನ ಮತ್ತಾಯ 25, ತಲಾಂತುಗಳ ಸಾಮ್ಯ, ಅಂದರೆ ಯೇಸು ಹೇಳಿದ ನೀತಿಕಥೆ. ತಲಾಂತು ಅಂದರೆ ಆ ಕಾಲದ ದೊಡ್ಡ ಮೊತ್ತದ ಹಣ, ಟ್ಯಾಲೆಂಟ್ ಅನ್ನುವ ಮಾತು ಬಂದದ್ದೂ ಅದರಿಂದಲೇ. ಯಜಮಾನ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಟ್ಟು ಹೋಗುತ್ತಾನೆ, ಇಬ್ಬರು ಅದನ್ನು ಬೆಳೆಸುತ್ತಾರೆ, ಮೂರನೆಯವನು ಹೂತಿಡುತ್ತಾನೆ. ಓದಿದ್ದು ಚೆನ್ನಾಗಿಯೇ ಇತ್ತು. ಆಮೇಲೆ "ಯಾರ್‍ಯಾರಿಗೆ ಟ್ಯಾಲೆಂಟ್ ಇದೆ, ಮುಂದೆ ಬನ್ನಿ" ಅಂದರು. ಕೀಬೋರ್ಡ್ ನುಡಿಸುವವನು ಹೋದ, ಗಿಟಾರ್ ಹುಡುಗ ಹೋದ, ಸೋಲೋ ಹಾಡುವವರು ಹೋದರು, ಇಂಗ್ಲಿಷ್‌ನಲ್ಲಿ ವಚನ ಹೇಳುವ ಹುಡುಗಿ ಹೋದಳು. ಎಲ್ಲರಿಗೂ ಚಪ್ಪಾಳೆ. ಕೂತೇ ಇದ್ದ ಮಕ್ಕಳಿಗೆ "ಪ್ರಾರ್ಥನೆ ಮಾಡಿ, ನಂಬಿಕೆ ಇದ್ದರೆ ದೇವರು ನಿಮಗೂ ಕೊಡುತ್ತಾನೆ" ಅಂದರು. ಅಲ್ಲಿಗೂ ಬಿಡಲಿಲ್ಲ. ತಲಾಂತನ್ನು ಮಣ್ಣಲ್ಲಿ ಹೂತಿಟ್ಟ ಆಳಿನ ಗತಿ ಏನಾಯಿತು, ಹೊರಗಿನ ಕತ್ತಲೆ, ಗೋಳಾಟ, ಎಲ್ಲ ಹೇಳಿ ಅದೇ ಮಕ್ಕಳನ್ನು ಹೆದರಿಸಿದರು.

ನನ್ನ ಪಕ್ಕ ಒಂಬತ್ತನೇ ಕ್ಲಾಸಿನ ಹುಡುಗಿ ಕೂತಿದ್ದಳು. ಮೆಲ್ಲಗೆ ಅಂದಳು, "ಟೀಚರ್, ನನಗೇನೂ ಬರೂದಿಲ್ರೀ."

ಏನೂ ಬರುವುದಿಲ್ಲವಂತೆ! ಆ ಹುಡುಗಿ ಅಜ್ಜಿಯಿಂದ ಕಸೂತಿ ಕಲಿತವಳು. ಕಸೂತಿಯಲ್ಲಿ ಗವಂತಿ ಅನ್ನುವ ಹೊಲಿಗೆ ಹಾಕುವಾಗ ಅವಳನ್ನು ನೋಡಬೇಕು ನೀವು. ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡೇ ಸೂಜಿ ಚುಚ್ಚುತ್ತಾಳೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತದೆ. ದಾರಕ್ಕೆ ಗಂಟಿಲ್ಲ. ಸೀರೆ ಮಗುಚಿ ನೋಡಿದರೆ ಆಚೆ ಈಚೆ ಎರಡೂ ಕಡೆ ಅದೇ ಗೋಪುರ. ನಡುವೆ ಒಂದು ಎಳೆ ತಪ್ಪಿತೋ, ಬಿಚ್ಚಿ ಮತ್ತೆ ಹಾಕಬೇಕು. ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಆ ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿದೆ?

ಬೈಬಲ್ಲಿನಲ್ಲಿ ಇವಳಿಗೆ ಜಾಗ ಇಲ್ಲವಾ? ಇದೆ. ವಿಮೋಚನಕಾಂಡ 31ರಲ್ಲಿ ದೇವರು ತನ್ನ ಆರಾಧನೆಯ ಗುಡಾರದ ಕೆಲಸಕ್ಕೆ ಬೆಚಲೇಲ ಅನ್ನುವ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆಯುತ್ತಾನೆ, ತನ್ನ ಆತ್ಮದಿಂದ ತುಂಬಿಸುತ್ತಾನೆ. ಯಾತಕ್ಕೆ? ಪ್ರಸಂಗ ಮಾಡಲು ಅಲ್ಲ. ಬಂಗಾರ, ಬೆಳ್ಳಿ, ತಾಮ್ರದ ಕೆಲಸಕ್ಕೆ, ಕಲ್ಲು ಕೆತ್ತಲು, ಮರ ಕೆತ್ತಲು. ಅವನ ಜೊತೆಗಿದ್ದ ಒಹೊಲೀಯಾಬನಂತೂ ಬಣ್ಣದ ನೂಲಿನಲ್ಲಿ ಕಸೂತಿ ಹಾಕುವವನು! ನಮ್ಮ ಧಾರವಾಡದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಆದರೆ ಈ ಅಧ್ಯಾಯಗಳನ್ನು ನಾವು ತೆಗೆಯುವುದೇ ಇಲ್ಲ. ಬೇಜಾರು ಅಂತ ದಾಟಿ ಹೋಗುತ್ತೇವೆ.

ಇನ್ನು ಆ ಸಾಮ್ಯವನ್ನೇ ಸರಿಯಾಗಿ ಓದೋಣ. ಆ ಕಾಲದಲ್ಲಿ ಒಂದು ತಲಾಂತು ಅಂದರೆ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಒಂದೇ ಸಿಕ್ಕವನಿಗೂ ಸಿಕ್ಕಿದ್ದು ಕಡಿಮೆ ಏನಲ್ಲ. ಬರಿಗೈಯಲ್ಲಿ ನಿಂತ ಆಳು ಆ ಕಥೆಯಲ್ಲಿ ಒಬ್ಬನೂ ಇಲ್ಲ. ಐದರವನಿಗೂ ಎರಡರವನಿಗೂ ಯಜಮಾನ ಆಡಿದ ಹೊಗಳಿಕೆಯ ಮಾತು ಒಂದೇ, ಬೇಕಾದರೆ 21 ಮತ್ತು 23ನೇ ವಚನ ಪಕ್ಕ ಪಕ್ಕ ಇಟ್ಟು ನೋಡಿ. ಮತ್ತೆ ಮೂರನೆಯವನು ಯಾಕೆ ಹೂತಿಟ್ಟ? ಅವನೇ ಹೇಳುತ್ತಾನೆ, ಹೆದರಿಕೆಯಾಯಿತು ಅಂತ. ಹಾಗಿರುವಾಗ ಹದಿನಾಲ್ಕು ವರ್ಷದ ಮಗುವಿಗೆ "ನಿನ್ನ ಹತ್ತಿರ ಏನೂ ಇಲ್ಲ" ಅನ್ನಿಸಿ, ಮೇಲೆ ಹೆದರಿಸಿಯೂ ಕಳಿಸಿದರೆ ಅದು ಮಾಡುವುದಾದರೂ ಏನು? ಹೂತಿಡುತ್ತದೆ. ಗುದ್ದಲಿ ಕೊಟ್ಟವರು ನಾವೇ.

ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರ ಹತ್ತಿರ ಇದನ್ನೇ ಹೇಳಿದೆ. "ಟೀಚರ್, ಸಭೆಗೆ ಹಾಡೋರು ಬೇಕಲ್ರೀ. ಹುಡುಗುರಿಗೆ ಸ್ಟೇಜ್ ಧೈರ್ಯ ಬರ್ಲಿ ಬಿಡ್ರೀ" ಅಂದರು. ಹಾಡುವವರು ಬೇಕು, ಯಾರು ಬೇಡ ಅಂದರು? ಆ ಮಕ್ಕಳ ಹಾಡು ಕೇಳಿ ನನಗೂ ಕಣ್ಣು ತುಂಬುತ್ತದೆ. ಆದರೆ ಕೆಲವರಿಗೆ ಧೈರ್ಯ ತುಂಬಲು ಉಳಿದವರಿಗೆ ನೀವು ಖಾಲಿ ಅಂತ ಹೇಳಬೇಕಾ? ಅಂಥ ಧೈರ್ಯ ಯಾರಿಗೂ ಬೇಡ.

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಇದೆ, ಇದುವರೆಗೆ ಎಲ್ಲೂ ಹೇಳಿಲ್ಲ. ನಮ್ಮ ಅವ್ವ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಳು. ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದ ಬಾಣಂತಿಯರ ಕಾಲು ಒತ್ತುತ್ತಾ ಕೂರುತ್ತಿದ್ದಳು. ಮನೆಗೆ ಬಂದು ಅವರ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದಳು. ಸಭೆಯ ಮುಂದೆ ಒಂದು ದಿನವೂ ನಿಂತು ಮಾತಾಡಿದವಳಲ್ಲ. ಕೊನೆಗಾಲದಲ್ಲಿ ನನಗೆ ಹೇಳಿದಳು, "ದೇವ್ರು ನನ್ನ ಯಾವ ಸೇವಾಕ್ಕೂ ಕರೀಲಿಲ್ಲ ನೋಡವಾ." ಹಾಗೆ ನಂಬಿಕೊಂಡೇ ಹೋದಳು. ಅವಳಿಗೆ ಅದನ್ನು ಕಲಿಸಿದ್ದು ಯಾರು? ಭಾನುವಾರ ಭಾನುವಾರ ಕೇಳಿದ ಪಾಠಗಳೇ ಅಲ್ವಾ?

ನಮ್ಮಲ್ಲಿ ದೇವರ ಕರೆ ಅಂದ ಕೂಡಲೇ ಸಭಾಪಾಲಕರಾಗುವುದು, ಥಿಯಾಲಜಿ ಓದುವುದು. ಆದರೆ ಊರೂರು ಸುತ್ತಿ ಸುವಾರ್ತೆ ಸಾರಿದ ಅಪೊಸ್ತಲ ಪೌಲನೇ ಕೊರಿಂಥದಲ್ಲಿ ಗುಡಾರ ಹೊಲಿಯುತ್ತಿದ್ದ. ನಮ್ಮ ಊರಿನಲ್ಲೇ ಕಿಟೆಲ್ ಹೆಸರಿನ ಕಾಲೇಜಿದೆ. 1853ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ ಸುವಾರ್ತೆ ಸಾರಲು ಬಂದವರು ಅವರು. ಇವತ್ತು ಅವರ ಪ್ರಸಂಗ ಯಾರಿಗೆ ನೆನಪಿದೆ? ವರ್ಷಗಟ್ಟಲೆ ಕೂತು ಕನ್ನಡದ ಪದ ಕೂಡಿಸಿ 1894ರಲ್ಲಿ ತಂದ ನಿಘಂಟು ನೆನಪಿದೆ. ಅದೇ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಪದ ಕೂಡಿಸುವುದು, ಹೆಂಚು ಸುಡುವುದು ಸೇವೆಯಾದರೆ ಸೂಜಿ ಹಿಡಿಯುವುದು ಯಾಕೆ ಆಗಬಾರದು?

ಬೈಬಲ್ಲಿನ ಬಾಲಕ ಸಮುವೇಲನನ್ನು ದೇವರು ಕರೆದಾಗ ಅದು ದೇವರ ದನಿ ಅಂತ ಆ ಹುಡುಗನಿಗೆ ಗೊತ್ತಾಗಲಿಲ್ಲ, ಎದ್ದು ತನ್ನ ಗುರು, ಯಾಜಕ ಏಲಿಯ ಹತ್ತಿರ ಓಡಿದ. ಗುರುತು ಹಿಡಿದು "ಇದು ದೇವರ ಕರೆ, ಹೋಗಿ ಕೇಳು" ಅಂದದ್ದು ಕಣ್ಣು ಮಂಜಾಗಿದ್ದ ಮುದುಕ ಏಲಿ. ಪಾಠ ಹೇಳುವವರ ಕೆಲಸ ಅದು. ಮಕ್ಕಳು ತಾವಾಗಿ ಕೈ ಎತ್ತಲಿ ಅಂತ ಕಾಯುವುದಲ್ಲ, ನಾವು ನೋಡಿ ಹೇಳಬೇಕು.

ಮುಂದಿನ ಭಾನುವಾರದ ಪಾಠ ನನ್ನದು, ವಿಮೋಚನಕಾಂಡ 35. ಕೈಯಾರೆ ನೂಲು ತೆಗೆದ ಹೆಂಗಸರ ಮಾತೂ ಅಲ್ಲೇ ಬರುತ್ತದೆ, ಬೆಚಲೇಲನಿಗೂ ಒಹೊಲೀಯಾಬನಿಗೂ ಇನ್ನೊಬ್ಬರಿಗೆ ಕಲಿಸುವ ವರ ಸಿಕ್ಕಿದ್ದೂ ಅಲ್ಲೇ. ಪಾಲಕರು ದಯವಿಟ್ಟು ಬನ್ನಿ. ನಿಮ್ಮ ಮಗ, ಮಗಳು ಮನೆಯಲ್ಲಿ ಯಾವ ಕೆಲಸವನ್ನು ಯಾರೂ ಹೇಳದೆಯೇ ಮನಸ್ಸಿಟ್ಟು ಮಾಡುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ. ಮಾರ್ಕ್ಸ್ ಬರೆಯಬೇಡಿ.