211 ನಂಬರ್ ಬಗ್ಗೆಯೂ ಬರೆಯಬೇಕಿತ್ತು

ಅಮೆರಿಕದ ಸರ್ಕಾರಿ ಕಚೇರಿಗಳು ಬಂದ್ ಆಗಿ 2025ರ ನವೆಂಬರಿನಲ್ಲಿ ಸ್ನ್ಯಾಪ್ ಹಣ, ಅಂದರೆ ಕಡಿಮೆ ಆದಾಯದವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು, ತಡವಾದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆಗ ಸುಮಾರು 4.2 ಕೋಟಿ ಜನ ನೆಚ್ಚಿಕೊಂಡಿದ್ದ ಯೋಜನೆ ಅದು. ಆದರೆ ಕೊನೆಗೆ ‘ಫುಡ್ ಬ್ಯಾಂಕಿಗೆ ಹೋಗಿ’ ಎಂದಷ್ಟೇ ಹೇಳಿ ಮುಗಿಸಿದ್ದೀರಿ. ಫುಡ್ ಬ್ಯಾಂಕ್ ಅಂದರೆ ಹೆಚ್ಚಾಗಿ ದಾನದ ಆಹಾರ ಕೂಡಿಡುವ ದೊಡ್ಡ ಗೋದಾಮು. ಅಲ್ಲಿಂದ ಸಾಮಾನು ಚರ್ಚು, ಶಾಲೆಗಳ ಪ್ಯಾಂಟ್ರಿಗೆ, ಅಂದರೆ ದಿನಸಿಯನ್ನು ಪುಕ್ಕಟೆ ಹಂಚುವ ಜಾಗಕ್ಕೆ, ಹೋಗುತ್ತದೆ. ಜನರ ಕೈಗೆ ಚೀಲ ಸಿಗುವುದು ಪ್ಯಾಂಟ್ರಿಯಲ್ಲಿ. 211 ಅನ್ನುವ ಅಮೆರಿಕದ ಸಹಾಯವಾಣಿಗೆ ಫೋನ್ ಮಾಡಿ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಹೇಳಿದರೆ ಹತ್ತಿರದ್ದು ಯಾವುದು ಅಂತ ತಿಳಿಸುತ್ತಾರೆ. ಹೊರಡುವ ಮುಂಚೆ ಪ್ಯಾಂಟ್ರಿಗೂ ಒಂದು ಫೋನ್ ಮಾಡಿ. ಕೆಲವು ಪ್ಯಾಂಟ್ರಿಗಳು ವಾರಕ್ಕೆ ಎರಡೇ ಗಂಟೆ ತೆರೆದಿರುತ್ತವೆ, ಸುಮ್ನೆ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ.

ನಾನು ನ್ಯೂಜೆರ್ಸಿಯಲ್ಲಿ ಒಂದು ಪ್ಯಾಂಟ್ರಿಯಲ್ಲಿ ಶನಿವಾರ ಚೀಲ ತುಂಬುತ್ತೇನೆ. ಆ ತಿಂಗಳು ಒಬ್ಬ ಅಜ್ಜಿ ರಾಜ್ಮಾ ಡಬ್ಬಿಯನ್ನು ಮೆಲ್ಲಗೆ ವಾಪಸ್ ಇಟ್ಟರು. ಬೇಡವೇ ಅಂದೆ. ‘ತೆರೆಯೋಕೆ ಮನೇಲಿ ಏನೂ ಇಲ್ಲಮ್ಮ’ ಅನ್ನುವ ಅರ್ಥದಲ್ಲಿ ಕೈ ತಿರುವಿ ತೋರಿಸಿದರು. ಅವತ್ತಿನಿಂದ ನಾನು ಕೊಡುವುದೆಲ್ಲ ಉಂಗುರ ಎಳೆದು ತೆರೆಯುವ ಡಬ್ಬಿಗಳೇ. ದಾನ ಕೊಡುವವರಿಗೆ ಇದು ಹೊಳೆಯುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಸಿಖ್ಖರ ಗುರುದ್ವಾರದ ಲಂಗರ್‌ನಲ್ಲಿ (ಉಚಿತ ಊಟದ ಪಂಕ್ತಿ) ಯಾರು ಬೇಕಾದರೂ ಕೂತು ಊಟ ಮಾಡಬಹುದು, ಕಾಗದಪತ್ರ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟರೆ ಸಾಕು. ಬಿಸಿ ದಾಲ್, ರೊಟ್ಟಿ ಸಿಗುತ್ತದೆ. ಓದಲು ಬಂದ ನಮ್ಮ ಹುಡುಗರಿಗೆ ಸ್ನ್ಯಾಪ್ ಸಿಗುವುದಿಲ್ಲ, ಕೈ ಖಾಲಿ ಆದಾಗ ಅವರೂ ನಾಚಿಕೆ ಬಿಟ್ಟು ಹೋಗಲಿ. ಎಷ್ಟೋ ಕಾಲೇಜುಗಳಲ್ಲೇ ಪ್ಯಾಂಟ್ರಿ ಇದೆ, ವಿಚಾರಿಸಿ.