ಮಂಕ್ ಬೆರಳು ತಪ್ಪಿದ್ದಲ್ಲ

ಅಮೆರಿಕದ ಜಾಜ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ಅವರ ಕೈ ಪಿಯಾನೊ ಮೇಲೆ ಅಷ್ಟು ಪಳಗಿರಲಿಲ್ಲ ಅಂತ ಅದರಲ್ಲಿ ಬರೆದಿದ್ದೀರಿ. ಅದನ್ನು ಒಪ್ಪಲು ಆಗುತ್ತಿಲ್ಲ. ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿದಾಗ ಬರುವ ಆ ಒರಟು ದನಿ, ನಡುವೆ ದಿಢೀರನೆ ಬರುವ ಮೌನ, ಎಲ್ಲವೂ ಬೇಕಂತಲೇ ಮಾಡಿದ್ದು. ಅವರದೇ ರಚನೆ 'ರೌಂಡ್ ಮಿಡ್‌ನೈಟ್' ನಿಧಾನವಾಗಿ ಕೇಳಿ, ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬಿಟ್ಟುಹೋಗಿದೆ. 1951ರಲ್ಲಿ ಮಾದಕವಸ್ತು ಪ್ರಕರಣವೊಂದರಲ್ಲಿ ಅವರ ಕ್ಯಾಬರೆ ಕಾರ್ಡ್ ಎಂಬ ಪರವಾನಗಿ ಹೋಯಿತು. ಅದಿಲ್ಲದೆ ನ್ಯೂಯಾರ್ಕ್‌ನಲ್ಲಿ ಮದ್ಯ ಮಾರುವ ಕ್ಲಬ್‌ಗಳಲ್ಲಿ ನುಡಿಸುವಂತಿರಲಿಲ್ಲ. ಜಾಜ್ ಕಲಾವಿದನಿಗೆ ಅದೇ ಹೊಟ್ಟೆಪಾಡು ಅಲ್ವಾ? ಸುಮಾರು ಆರು ವರ್ಷ ಹಾಗೇ ಕಳೆಯಿತು. ಆಗಲೂ ತಮ್ಮ ಶೈಲಿ ಬಿಡಲಿಲ್ಲ. 1957ರಲ್ಲಿ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದಾಗ ಜನ ಹುಡುಕಿಕೊಂಡು ಬಂದರು. ಆ ಜೋಡಿಯ ಬಗ್ಗೆ ಇನ್ನೂ ಜಾಸ್ತಿ ಬರೆಯಿರಿ.