ಉಲ್ಫ್ರಿಕ್ ಥಾಲ್ಮೋರ್ ಏಜೆಂಟ್ ಅಂತೆ: ಒಂದು ಸ್ಪಷ್ಟನೆ

ಬಳ್ಳಾರಿಯ ನಮ್ಮ ಗೇಮಿಂಗ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ವಾರದಿಂದ ಒಂದು ಮೆಸೇಜ್ ಸುತ್ತುತ್ತಿದೆ: ‘ಸ್ಕೈರಿಮ್‌ನ ಉಲ್ಫ್ರಿಕ್ ಸ್ಟಾರ್ಮ್‌ಕ್ಲೋಕ್ ಥಾಲ್ಮೋರ್‌ಗಳ ಏಜೆಂಟ್. ಅವನು ಗೆದ್ದರೆ ಅವರೇ ಗೆದ್ದಂತೆ. ಗೇಮಿನಲ್ಲೇ ದಾಖಲೆ ಇದೆ.’ ಸ್ಕೈರಿಮ್ ಒಂದು ವಿಡಿಯೋ ಗೇಮ್; ಅದರಲ್ಲಿ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದ ಸ್ಟಾರ್ಮ್‌ಕ್ಲೋಕ್‌ಗಳ ನಾಯಕ ಈ ಉಲ್ಫ್ರಿಕ್. ಥಾಲ್ಮೋರ್ ಅಂದರೆ ಸಾಮ್ರಾಜ್ಯದ ಹಳೆಯ ಶತ್ರುಗಳಾದ ಎಲ್ಫ್ ಆಡಳಿತಗಾರರು. ದಾಖಲೆ ಇರುವುದು ನಿಜ. ಅರ್ಧ ಓದಿ ಫಾರ್ವರ್ಡ್ ಮಾಡಿದ್ದಾರೆ, ಅಷ್ಟೇ. (2011ರ ಗೇಮಿಗೆ ಈ ಬಿಸಿಲಲ್ಲಿ ಕೂತು ಇನ್ನೂ ಜಗಳ ಆಡ್ತೀವಿ ನೋಡ್ರಿ!)

ಥಾಲ್ಮೋರ್ ರಾಯಭಾರ ಕಚೇರಿಯಲ್ಲಿ ಸಿಗುವ ಆ ಕಡತ ಉಲ್ಫ್ರಿಕ್‌ನನ್ನು ‘ಅಸೆಟ್’ (ಬಳಸಿಕೊಳ್ಳಬಹುದಾದ ಆಳು) ಎನ್ನುವುದು ಹೌದು. ಸಾಮ್ರಾಜ್ಯಕ್ಕೂ ಥಾಲ್ಮೋರ್‌ಗಳಿಗೂ ನಡೆದ ಮಹಾಯುದ್ಧದಲ್ಲಿ ಸಾಮ್ರಾಜ್ಯದ ಪರ ಹೋರಾಡಿ ಸೆರೆಸಿಕ್ಕ ಅವನಿಗೆ, ನೀನು ಬಾಯಿಬಿಟ್ಟಿದ್ದಕ್ಕೇ ಸಾಮ್ರಾಜ್ಯದ ರಾಜಧಾನಿ ಬಿತ್ತು ಎಂದು ಥಾಲ್ಮೋರ್‌ಗಳು ನಂಬಿಸಿದರು. ಅಸಲಿಗೆ ಅವನು ಬಾಯಿಬಿಡುವ ಮೊದಲೇ ಅದು ಬಿದ್ದಿತ್ತು. ಆದರೆ ಮಾರ್ಕಾರ್ತ್ ನಗರದ ಘಟನೆಯ ನಂತರ ಅವನು ನೇರ ಸಂಪರ್ಕಕ್ಕೆ ಸಹಕರಿಸುತ್ತಿಲ್ಲ ಎಂದೂ ಅಲ್ಲೇ ಬರೆದಿದೆ. ಮುಖ್ಯ ಮಾತು ಇನ್ನೂ ಕೆಳಗಿದೆ: ಸ್ಟಾರ್ಮ್‌ಕ್ಲೋಕ್‌ಗಳ ಗೆಲುವನ್ನೂ ತಪ್ಪಿಸಬೇಕು. ಅಂದರೆ ಥಾಲ್ಮೋರ್‌ಗಳಿಗೆ ಬೇಕಿರುವುದು ಮುಗಿಯದ ಯುದ್ಧ. ಇಬ್ಬರ ಜಗಳ ಮೂರನೆಯವನಿಗೆ ಲಾಭ.

ಹಾಗಂತ ಉಲ್ಫ್ರಿಕ್ ಸಾಚಾ ಅಂತಲ್ಲ. ಟಾಲೋಸ್ ಎಂಬ ದೇವರ ಪೂಜೆ ನಿಷೇಧಿಸಿದ್ದಕ್ಕೆ ಅವನಿಗಿರುವ ಸಿಟ್ಟು ನಿಜ. ದೊರೆ ಟೋರಿಗ್‌ನನ್ನು ಕೊಂದು ಪಟ್ಟಕ್ಕೆ ಕಣ್ಣಿಟ್ಟಿದ್ದೂ ನಿಜ. ಸಾಮ್ರಾಜ್ಯದವರು ಆ ನಿಷೇಧಕ್ಕೆ ಒಪ್ಪಿದ್ದು ಯುದ್ಧದಲ್ಲಿ ಹೈರಾಣಾಗಿ, ಥಾಲ್ಮೋರ್‌ಗಳೊಂದಿಗಿನ ಒಪ್ಪಂದದ ಷರತ್ತಾಗಿ. ಟಾಲೋಸ್ ಮೇಲಿನ ದ್ವೇಷದಿಂದ ಅಲ್ಲ.

ಅನುಮಾನ ಇದ್ದವರು ‘ಡಿಪ್ಲೊಮ್ಯಾಟಿಕ್ ಇಮ್ಯುನಿಟಿ’ ಕ್ವೆಸ್ಟ್ ಆಡುವಾಗ ಕಡತವನ್ನು ಕೊನೆಯ ಸಾಲಿನವರೆಗೆ ಓದಿ.